ಬಣ್ಣ ನೀರಿನದಲ್ಲ, ಸರಳಿನದು

ಶಾಲೆಗಳಲ್ಲಿ ವಿಜ್ಞಾನ ಪ್ರದರ್ಶನಗಳ ಕಾಲ ಸಮೀಪಿಸಿತೆಂದರೆ ನಮ್ಮ ಕಾರ್ಯಾಲಯಕ್ಕೆ ಬರುವ ಓಲೆಗಳ ಧಾಟಿಯೇ ಬದಲಾಗುತ್ತದೆ. ಸಂಬಳ, ಕೋಣೆಯ ಬಾಡಿಗೆ, ಊರಿಗೆ ಹೋಗುವ ರೈಲಿನ ಟಿಕೇಟು ಇವೆಲ್ಲ ಹಿಂದೆ ಸರಿದು, ಮಗನ ಪ್ರಯೋಗದ ಸಂಕಟವು ಮುಂದೆ ಬರುತ್ತದೆ. ಈಚಿನ ವರ್ಷಗಳಲ್ಲಿ ಹುಡುಗರೆಲ್ಲರಿಗೂ ನೀರನ್ನು ಒಡೆದು ಜಲಜನಕ ತೆಗೆಯುವ ಹುಚ್ಚು ಹಿಡಿದಿದೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. 2023ನೆಯ ಜನವರಿಯಲ್ಲಿ ಕೇಂದ್ರ ಮಂತ್ರಿಮಂಡಲವು 19,744 ಕೋಟಿ ರೂಪಾಯಿಗಳ ಹಸಿರು ಜಲಜನಕದ ಯೋಜನೆಗೆ ಒಪ್ಪಿಗೆಯಿತ್ತು, 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ನು ಜಲಜನಕವನ್ನು ಉತ್ಪಾದಿಸುವ ಗುರಿಯನ್ನಿಟ್ಟುಕೊಂಡಿತು. ಸರ್ಕಾರವು ದೊಡ್ಡ ಪ್ರಮಾಣದಲ್ಲಿ ಮಾಡಹೊರಟಿರುವುದನ್ನು ನಮ್ಮ ಮಕ್ಕಳು ಗಾಜಿನ ಲೋಟದಲ್ಲಿ ಮಾಡಿ ನೋಡುತ್ತಿದ್ದಾರೆ. ಮಾಡಲಿ, ಒಳ್ಳೆಯದೇ.

ಇಂಥ ಓಲೆಗಳಲ್ಲಿ ಎರಡನ್ನು ಇಲ್ಲಿ ಎತ್ತಿಕೊಳ್ಳುತ್ತೇವೆ. ಒಂದು, ಡೊಂಬಿವಲಿಯಲ್ಲಿ ವಾಸಿಸುವ ಗುಮಾಸ್ತ ಮಹಾಶಯರೊಬ್ಬರದು. ಒಂಬತ್ತನೆಯ ತರಗತಿಯ ಅವರ ಮಗನು ಎರಡು ಕಬ್ಬಿಣದ ಮೊಳೆಗಳನ್ನು ಉಪ್ಪುನೀರಿನಲ್ಲಿ ನಿಲ್ಲಿಸಿ, ಹಳೆಯ ಮೊಬೈಲಿನ ಚಾರ್ಜರಿನಿಂದ ವಿದ್ಯುತ್ತನ್ನು ಹರಿಸಿದನಂತೆ. ಗುಳ್ಳೆಗಳು ಬಂದುವು, ಹುಡುಗ ಕುಣಿದಾಡಿದ. ಆದರೆ ಹತ್ತು ನಿಮಿಷದೊಳಗೆ ನೀರು ಡಿಕಾಕ್ಷನ್ನಿನಂತೆ ಕಂದಾಗಿ, ಒಳಗಿನ ಗುಳ್ಳೆಗಳೇ ಕಾಣದಂತಾದುವು. ನೀರನ್ನು ಸೋಸಿದರೂ ಪ್ರಯೋಜನವಿಲ್ಲ, ಬದಲಾಯಿಸಿದರೂ ಪ್ರಯೋಜನವಿಲ್ಲ. ಪ್ರದರ್ಶನದ ದಿನ ಹೀಗಾದರೆ ಮಾನವೇನು ಉಳಿಯಿತು, ಇದನ್ನು ತಡೆಯುವ ಬಗೆ ಹೇಗೆ ಎಂದು ಕೇಳಿದ್ದಾರೆ.

ಇನ್ನೊಂದು ಓಲೆ ಚೆನ್ನೈಯ ಹೋಟೆಲೊಂದರಲ್ಲಿ ಅಡುಗೆಯ ಕೆಲಸದಲ್ಲಿರುವ ಸೋದರರದು. ಅವರು ಸಂಸಾರ ಹೂಡಿರುವ ಬಾಡಿಗೆಯ ಮನೆಗೆ ನೀರಿನ ಶುದ್ಧೀಕರಣ ಯಂತ್ರ ಮಾರುವವನೊಬ್ಬನು ಬಂದು, ನಲ್ಲಿಯ ನೀರನ್ನು ಲೋಟದಲ್ಲಿ ಹಿಡಿದು, ನಾಲ್ಕು ಸರಳುಗಳ ಉಪಕರಣವೊಂದನ್ನು ಅದರಲ್ಲಿ ಮುಳುಗಿಸಿ ಗುಂಡಿಯೊತ್ತಿದನಂತೆ. ಎರಡೇ ನಿಮಿಷದಲ್ಲಿ ನೀರು ಕೊಚ್ಚೆಯಂತಾಯಿತು. "ನಿಮ್ಮ ಮಕ್ಕಳು ದಿನವೂ ಕುಡಿಯುವುದು ಇದನ್ನೇ" ಎಂದನಂತೆ ಆತ. ಯಂತ್ರಕ್ಕೆ ಹದಿನೈದು ಸಾವಿರ ರೂಪಾಯಿ, ಕಂತಿನಲ್ಲಿಯೂ ಕೊಡಬಹುದು. ಮನೆಯಾಕೆ ಅಂದಿನಿಂದ ಮಕ್ಕಳಿಗೆ ನೀರು ಕೊಡಲು ಹೆದರುತ್ತಿದ್ದಾಳೆ, ಸಾಲ ಮಾಡಿಯಾದರೂ ಕೊಳ್ಳಲೇ ಎಂದು ಕೇಳಿದ್ದಾರೆ.

ಈ ಎರಡು ಓಲೆಗಳಿಗೂ ಉತ್ತರ ಒಂದೇ. ಮೊದಲು ಮಗನ ಯಂತ್ರವನ್ನು ಸರಿಪಡಿಸೋಣ. ಅದು ಸರಿಯಾದರೆ ಮಾರಾಟಗಾರನ ಗುಟ್ಟು ತಾನೇ ಬಯಲಾಗುತ್ತದೆ.

ಈ ಬಣ್ಣದ ಕಾಟ ಇಂದಿನದಲ್ಲ. 1800ನೆಯ ಇಸವಿಯಲ್ಲಿ ಇಟಲಿಯ ವೋಲ್ಟಾ ಮಹಾಶಯನು ಬೆಳ್ಳಿ ಮತ್ತು ಸತುವಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ವಿದ್ಯುತ್ತನ್ನು ಹುಟ್ಟಿಸಿದ ವಾರ್ತೆಯು ಲಂಡನ್ನಿಗೆ ಮುಟ್ಟಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ವಿಲಿಯಂ ನಿಕಲ್ಸನ್ ಮತ್ತು ಶಸ್ತ್ರವೈದ್ಯ ಆಂಥೊನಿ ಕಾರ್ಲೈಲ್ ಎಂಬವರು ಅಂಥದೇ ಸಾಧನವನ್ನು ಕಟ್ಟಿ, ಎರಡು ಹಿತ್ತಾಳೆಯ ತಂತಿಗಳನ್ನು ನೀರು ತುಂಬಿದ ಗಾಜಿನ ಕೊಳವೆಯೊಳಕ್ಕೆ ಇಳಿಬಿಟ್ಟರು. ಒಂದು ತಂತಿಯ ತುದಿಯಿಂದ ಸಣ್ಣ ಗುಳ್ಳೆಗಳ ಸಾಲು ಏಳತೊಡಗಿತು. ಮತ್ತೊಂದು ತಂತಿಯ ತುದಿಯು ಮೊದಲು ಕಿತ್ತಳೆಯ ಬಣ್ಣಕ್ಕೆ ತಿರುಗಿ, ಅನಂತರ ಕಪ್ಪಾಯಿತು. ಅಲ್ಲಿಂದ ಗುಳ್ಳೆಯೇ ಬರಲಿಲ್ಲ. ಬರಬೇಕಾಗಿದ್ದ ಆಮ್ಲಜನಕವನ್ನು ಹಿತ್ತಾಳೆಯೇ ನುಂಗಿ ತಾನು ಕೆಡುತ್ತಿದ್ದಿತು. ಅವರು ಹಿತ್ತಾಳೆಯನ್ನು ಬಿಟ್ಟು ಪ್ಲಾಟಿನಮ್ಮಿನ ತಂತಿಗಳನ್ನು ಹಾಕಿದಾಗ ಎರಡೂ ತುದಿಗಳಿಂದ ಗುಳ್ಳೆಗಳು ಎದ್ದುವು. ನೀರನ್ನು ವಿದ್ಯುತ್ತಿನಿಂದ ಒಡೆದ ಈ ಹಳೆಯ ಪ್ರಯೋಗದಲ್ಲಿಯೇ ಡೊಂಬಿವಲಿಯ ಹುಡುಗನ ಸಂಕಟವೂ ಅದರ ಪರಿಹಾರವೂ ಸಿಕ್ಕಿದ್ದುವೆಂಬುದು ಗಮನಿಸತಕ್ಕ ಮಾತು. ಅವರು ನೀರನ್ನು ಸೋಸಲಿಲ್ಲ, ತಂತಿಯನ್ನು ಬದಲಾಯಿಸಿದರು.

ಹೋಟೆಲಿನಲ್ಲಿ ಕೆಲಸ ಮಾಡಿದವರಿಗೆ ಇದನ್ನು ತಿಳಿಯಲು ಪಠ್ಯಪುಸ್ತಕ ಬೇಕಾಗಿಲ್ಲ. ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿಮಜ್ಜಿಗೆಯನ್ನು ಇಟ್ಟರೆ ಏನಾಗುತ್ತದೆ? ಕಿಲುಬು ಏಳುತ್ತದೆ, ಮಜ್ಜಿಗೆ ಹಸುರಾಗುತ್ತದೆ. ತಪ್ಪು ಮಜ್ಜಿಗೆಯದೆಂದು ಯಾವ ಭಟ್ಟರೂ ಹೇಳಲಾರರು, ಪಾತ್ರೆಯನ್ನು ಕಲಾಯಿಗೆ ಕಳುಹಿಸುತ್ತಾರೆ. ವಿದ್ಯುತ್ತು ಹರಿಯುವ ನೀರಿನಲ್ಲಿ ನಡೆಯುವುದೂ ಇದೇ. ಹುಳಿಯು ಒಂದು ರಾತ್ರಿಯಲ್ಲಿ ಮಾಡುವುದನ್ನು ವಿದ್ಯುತ್ತು ನಿಮಿಷದಲ್ಲಿ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ನೀರಿನಲ್ಲಿ ನಿಲ್ಲಿಸಿದ ಎರಡು ಸರಳುಗಳಲ್ಲಿ ಋಣಧ್ರುವದಿಂದ ಜಲಜನಕವು ಹೊರಡುತ್ತದೆ. ಅಲ್ಲಿ ಕಬ್ಬಿಣವಿದ್ದರೂ ಅದು ಕರಗುವುದಿಲ್ಲ, ವಿದ್ಯುತ್ತೇ ಅದನ್ನು ಕಾಯುತ್ತದೆ. ಧನಧ್ರುವದಿಂದ ಹೊರಡಬೇಕಾದುದು ಆಮ್ಲಜನಕ. ಅಲ್ಲಿರುವುದು ಕಬ್ಬಿಣವಾದರೆ, ನೀರನ್ನು ಒಡೆಯುವುದಕ್ಕಿಂತ ಕಬ್ಬಿಣವನ್ನು ಕರಗಿಸುವುದೇ ವಿದ್ಯುತ್ತಿಗೆ ಸುಲಭದ ಕೆಲಸ. ಆದುದರಿಂದ ಕಬ್ಬಿಣವು ಕರಗಿ ನೀರಿಗಿಳಿಯುತ್ತದೆ, ಮೊದಲು ಹಸುರು ಛಾಯೆಯ ಕೆಸರಾಗಿ, ಗಾಳಿ ತಗುಲಿದಂತೆ ಕಂದು ತುಕ್ಕಾಗಿ ತೇಲಾಡುತ್ತದೆ.

ಎಷ್ಟು ಕರಗುತ್ತದೆಂಬುದಕ್ಕೆ 1830ರ ದಶಕದಲ್ಲಿಯೇ ಮೈಕೆಲ್ ಫ್ಯಾರಡೆಯು ಲೆಕ್ಕ ಹಾಕುವ ದಾರಿ ತೋರಿದ್ದಾನೆ. ಒಂದು ಆಂಪಿಯರ್ ವಿದ್ಯುತ್ತು ಒಂದು ಗಂಟೆ ಹರಿದರೆ ಸುಮಾರು 1 ಗ್ರಾಂ ಕಬ್ಬಿಣವು ಕರಗಬಲ್ಲುದು. ನಮ್ಮ ಹುಡುಗನ ಲೋಟದಲ್ಲಿ ಅರ್ಧ ಆಂಪಿಯರ್ ಹತ್ತು ನಿಮಿಷ ಹರಿಯಿತೆಂದಿಟ್ಟುಕೊಳ್ಳೋಣ. ಸುಮಾರು 85 ಮಿಲಿಗ್ರಾಂ ಕಬ್ಬಿಣವಾಯಿತು. ಲೋಟದಲ್ಲಿ 300 ಮಿಲಿಲೀಟರ್ ನೀರಿದ್ದರೆ, ಲೀಟರಿಗೆ 280 ಮಿಲಿಗ್ರಾಮಿಗೂ ಮಿಕ್ಕಿತು. ಲೀಟರಿಗೆ 0.3 ಮಿಲಿಗ್ರಾಂ ಕಬ್ಬಿಣವನ್ನು ಮೀರಿದ ನೀರಿನಲ್ಲಿ ಒಗೆದ ಬಟ್ಟೆಗೆ ಕಲೆ ಹಿಡಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಲೋಟದಲ್ಲಿರುವುದು ಅದರ ಸಾವಿರ ಪಟ್ಟಿನ ಆಸುಪಾಸು. ಹೊಸ ನೀರು ಹಾಕಿದರೂ ಹತ್ತೇ ನಿಮಿಷದಲ್ಲಿ ಮತ್ತೆ ಕಂದಾದುದೇಕೆಂಬುದು ಈಗ ತಿಳಿಯಿತಷ್ಟೆ. ಮೊಳೆ ಇರುವ ತನಕ ಬಣ್ಣ ಬರುತ್ತಲೇ ಇರುತ್ತದೆ.

ಹಾಗಾದರೆ ಮೊಳೆಯ ಬದಲು ಏನನ್ನು ಹಾಕಬೇಕು? ಪ್ಲಾಟಿನಮ್ಮಿಗಾಗಿ ಯಾರೂ ಚಿನ್ನದಂಗಡಿಗೆ ಹೋಗಬೇಕಾಗಿಲ್ಲ. ಶಾಲೆಯ ಹುಡುಗನ ಕೈಯಲ್ಲಿಯೇ ಇರುವ ಸೀಸದಕಡ್ಡಿ ಸಾಕು. ಹೆಸರು ಸೀಸವೆಂದಿದ್ದರೂ ಅದರೊಳಗಿರುವುದು ಗ್ರಾಫೈಟ್ ಎಂಬ ಇಂಗಾಲ, ಜೊತೆಗೆ ಸ್ವಲ್ಪ ಜೇಡಿಮಣ್ಣು. ಚಿತ್ರ ಬಿಡಿಸುವವರು ಬಳಸುವ 4ಬಿ, 6ಬಿ ಎಂಬ ಕಪ್ಪು ಪೆನ್ಸಿಲುಗಳಲ್ಲಿ ಗ್ರಾಫೈಟ್ ಹೆಚ್ಚಾಗಿರುವುದರಿಂದ ವಿದ್ಯುತ್ತು ಚೆನ್ನಾಗಿ ಹರಿಯುತ್ತದೆ. ಪೆನ್ಸಿಲಿನ ಎರಡು ತುದಿಗಳನ್ನೂ ಹೆರೆದು, ಒಂದು ತುದಿಯನ್ನು ನೀರಿನಲ್ಲಿಯೂ ಇನ್ನೊಂದನ್ನು ಮೇಲೆ ತಂತಿಗೂ ಸೇರಿಸತಕ್ಕದ್ದು. ತಂತಿಯನ್ನಾಗಲಿ, ಅದನ್ನು ಕಚ್ಚಿಸುವ ಕ್ಲಿಪ್ಪನ್ನಾಗಲಿ ಎಂದೂ ನೀರಿಗೆ ತಾಗಿಸಬಾರದು. ಎಷ್ಟೋ ಮಂದಿ ಒಳ್ಳೆಯ ಸರಳನ್ನೇ ಹಾಕಿಯೂ ನೀರು ನೀಲಿ ಹಸುರಾಯಿತೆಂದು ಗೊಣಗುವುದುಂಟು. ನೋಡಿದರೆ ತಾಮ್ರದ ತಂತಿಯ ತುದಿಯೊಂದು ನೀರಿನಲ್ಲಿ ಮುಳುಗಿ ಕರಗುತ್ತಿರುತ್ತದೆ. ಋಣಧ್ರುವಕ್ಕೆ ಬೇಕಾದರೆ ಸ್ಟೀಲಿನ ಚಮಚವೂ ಆದೀತು. ಧನಧ್ರುವವೇ ಮುಖ್ಯ, ಅಲ್ಲಿ ಗ್ರಾಫೈಟ್ ಇರಲಿ. ಚಾರ್ಜರಿನ ತಂತಿಗಳನ್ನು ಅದಲುಬದಲು ಮಾಡಿದರೆ ಚಮಚವೇ ಧನಧ್ರುವವಾಗಿ ಕರಗತೊಡಗುವುದೆಂಬುದನ್ನೂ ಮರೆಯಬಾರದು. ಯಾವ ತಂತಿ ಯಾವುದೆಂದು ತಿಳಿಯದಿದ್ದರೆ ಎರಡೂ ಕಡೆ ಪೆನ್ಸಿಲು ಹಾಕಿ ನೋಡಿ. ಹೆಚ್ಚು ಗುಳ್ಳೆ ಬರುವ ಕಡೆಯೇ ಋಣಧ್ರುವ, ಏಕೆಂದರೆ ಜಲಜನಕವು ಆಮ್ಲಜನಕದ ಎರಡರಷ್ಟು ಹುಟ್ಟುತ್ತದೆ.

ಗ್ರಾಫೈಟಿಗೂ ಒಂದು ದೋಷವುಂಟು. ಹುಟ್ಟುವ ಆಮ್ಲಜನಕವು ಅದನ್ನು ಮೆಲ್ಲನೆ ಕೊರೆದು ಕಪ್ಪು ಪುಡಿಯನ್ನು ಉದುರಿಸುತ್ತದೆ. ಇದರಲ್ಲಿ ವಿಷವಿಲ್ಲ, ತಳಕ್ಕಿಳಿಯುತ್ತದೆ. ವಿದ್ಯುತ್ತನ್ನು ಮಿತವಾಗಿ, ಹತ್ತು ಹದಿನೈದು ನಿಮಿಷ ಮಾತ್ರ ಹರಿಸಿದರೆ ನೀರು ತಿಳಿಯಾಗಿಯೇ ಉಳಿಯುತ್ತದೆ. ಪ್ರದರ್ಶನಕ್ಕೆ ಅಷ್ಟು ಸಾಕು.

ಇನ್ನು ನೀರಿನಲ್ಲಿ ಕರಗಿಸುವ ಪದಾರ್ಥದ ವಿಚಾರ. ಶುದ್ಧ ನೀರಿನಲ್ಲಿ ವಿದ್ಯುತ್ತು ಬಹಳ ಕಡಿಮೆ ಹರಿಯುವುದರಿಂದ ಏನನ್ನಾದರೂ ಕರಗಿಸಲೇಬೇಕು. ಕೈಗೆ ಮೊದಲು ಸಿಕ್ಕುವುದು ಅಡುಗೆಮನೆಯ ಉಪ್ಪು. ಅದೇ ಎಲ್ಲಕ್ಕಿಂತ ಕೆಟ್ಟದ್ದು. ಉಪ್ಪಿನಲ್ಲಿರುವ ಕ್ಲೋರಿನ್ ಅಂಶವು ಲೋಹದ ಮೇಲಿನ ರಕ್ಷಣೆಯ ಪೊರೆಯನ್ನು ಹರಿಯುತ್ತದೆ. ಉಪ್ಪಿನಕಾಯಿಯನ್ನು ಜಾಡಿಯಲ್ಲಿಯೇ ಇಡಬೇಕೆಂದು ಹಿರಿಯರು ಹೇಳಿದುದು ಸುಮ್ಮನಲ್ಲ. ಸ್ಟೀಲಿನ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ತಳದಲ್ಲಿ ಸೂಜಿಮೊನೆಯಷ್ಟು ತೂತುಗಳು ಬೀಳುವುದನ್ನು ನಮ್ಮ ಕಸುಬಿನವರು ಬಲ್ಲರು. ಮೊಳೆ ಹೋಗಿ ಪೆನ್ಸಿಲು ಬಂದ ಮೇಲೆಯೂ ಉಪ್ಪನ್ನೇ ಉಳಿಸಿಕೊಂಡರೆ ಇನ್ನೊಂದು ಅಪಾಯ. ಬಣ್ಣ ಹೋಗುತ್ತದೆ ನಿಜ, ಆದರೆ ಧನಧ್ರುವದಿಂದ ಆಮ್ಲಜನಕದ ಬದಲು ಕ್ಲೋರಿನ್ ಅನಿಲವೇ ಹೊರಡುತ್ತದೆ. ಬ್ಲೀಚಿಂಗ್ ಪುಡಿಯ ಘಾಟು ಬಂದರೆ ಅದೇ ಅದು. ಕಿಟಕಿಯಿಲ್ಲದ ಹತ್ತಡಿಯ ಕೋಣೆಯಲ್ಲಿ, ಪುಟ್ಟ ಮಕ್ಕಳ ನಡುವೆ, ಇದು ಆಟವಲ್ಲ. ನಿಂಬೆಹಣ್ಣಿನ ರಸ, ವಿನಿಗರ್ ಮೊದಲಾದ ಹುಳಿಗಳೂ ಬೇಡ. ಲೋಹವನ್ನು ಕರಗಿಸುವುದು ಹುಳಿಯ ಹುಟ್ಟುಗುಣ.

ಅಡುಗೆಸೋಡಾ ಉಪ್ಪಿಗಿಂತ ಎಷ್ಟೋ ವಾಸಿ. ಆದರೂ ಅದರ ಕ್ಷಾರಗುಣವು ಮೆದು, ಲೋಹಕ್ಕೆ ಕಾವಲಾಗಿ ನಿಲ್ಲುವಷ್ಟು ಬಲವಿಲ್ಲ. ಬಟ್ಟೆ ಒಗೆಯುವ ಸೋಡಾ ಅದಕ್ಕಿಂತ ಲೇಸು. ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಸಾಕು. ಅಂಗಡಿಯಲ್ಲಿ ಒಗೆಯುವ ಸೋಡಾ ಸಿಕ್ಕದಿದ್ದರೆ ಅಡುಗೆಸೋಡಾವನ್ನೇ ಹಳೆಯ ಸ್ಟೀಲಿನ ತಟ್ಟೆಯಲ್ಲಿ ಹರಡಿ ಚೆನ್ನಾಗಿ ಹುರಿಯಬಹುದು. ತೂಕದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹಬೆಯಾಗಿಯೂ ಇಂಗಾಲಾಮ್ಲ ಅನಿಲವಾಗಿಯೂ ಹೊರಟುಹೋಗಿ, ಉಳಿದುದು ಒಗೆಯುವ ಸೋಡಾವೇ. ಅಲ್ಯೂಮಿನಿಯಮ್ ಪಾತ್ರೆಯನ್ನು ಮಾತ್ರ ಮುಟ್ಟಬೇಡಿ, ಸೋಡಾ ಅದನ್ನು ತಿನ್ನುತ್ತದೆ.

ನೀರು ಯಾವುದು? ಮುಂಬಯಿಯವರ ನಲ್ಲಿಗೆ ಬರುವುದು ತಾನ್ಸಾ, ವೈತರಣಾ, ಭಾತ್ಸಾ ಮೊದಲಾದ ಜಲಾಶಯಗಳ ಮಳೆನೀರು, ಅದರಲ್ಲಿ ಸುಣ್ಣದ ಅಂಶ ಕಡಿಮೆ. ಚೆನ್ನೈ, ಹೈದರಾಬಾದುಗಳ ಕೊಳವೆಬಾವಿಯ ನೀರಾದರೋ ಬಹುಮಟ್ಟಿಗೆ ಗಡಸು. ಸೋಡಾ ಬೆರೆತೊಡನೆ ಸುಣ್ಣವು ಬಿಳಿಯ ಮೋಡದಂತೆ ಕೂಡುತ್ತದೆ. ಇದಕ್ಕೆ ಪರಿಹಾರ ಸುಲಭ. ಇನ್ವರ್ಟರ್ ಬ್ಯಾಟರಿಗೆ ಹಾಕಲು ಮಾರುವ ಬಟ್ಟಿಯಿಳಿಸಿದ ನೀರನ್ನು ಒಂದು ಬಾಟಲಿ ತಂದರೆ ತೀರಿತು.

ಇಷ್ಟು ಮಾಡಿದರೆ ಶಾಲೆಯ ಹುಡುಗನ ಕೆಲಸ ಮುಗಿಯಿತು. ಆದರೆ ನಾವು ನಿಜವಾಗಿ ಎಚ್ಚರಿಸಬೇಕಾಗಿರುವುದು ಇದಕ್ಕಿಂತ ದೊಡ್ಡ ಯಂತ್ರವನ್ನು ಕಟ್ಟುವವರನ್ನು. ಸ್ಟೀಲಿನ ತಗಡುಗಳನ್ನೋ, ಹೋಟೆಲಿನ ಹಳೆಯ ತಟ್ಟೆ ಲೋಟಗಳನ್ನೋ ಕತ್ತರಿಸಿ ಜೋಡಿಸಿ, ಹನ್ನೆರಡು ವೋಲ್ಟಿನ ಬ್ಯಾಟರಿಗೆ ಕಟ್ಟುವ ಯುವಕರು ನಮ್ಮಲ್ಲಿಯೂ ಹಲವರಿದ್ದಾರೆ. ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲವಾದ್ದರಿಂದ ನೀರು ಕೆಡಲಾರದೆಂದು ಅವರ ನಂಬಿಕೆ.

ಸ್ಟೀಲಿಗೆ ತುಕ್ಕು ಹಿಡಿಯದಿರುವುದೇಕೆ? ಅಡುಗೆಯ ಪಾತ್ರೆಯ ಒಳ್ಳೆಯ ಸ್ಟೀಲಿನಲ್ಲಿ ಕಬ್ಬಿಣದೊಡನೆ ನೂರಕ್ಕೆ 18ರಷ್ಟು ಕ್ರೋಮಿಯಮ್ಮೂ 8ರಷ್ಟು ನಿಕ್ಕಲೂ ಇರುತ್ತವೆ. ಕ್ರೋಮಿಯಮ್ಮು ಗಾಳಿಯ ಆಮ್ಲಜನಕದೊಡನೆ ಕೂಡಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯಾಗುತ್ತದೆ. ಸ್ಟೀಲಿನ ಕಲಾಯಿ ಅದೇ. ಆದರೆ ವಿದ್ಯುತ್ತಿನ ಒತ್ತಡವು ಧನಧ್ರುವದಲ್ಲಿ ಮಿತಿಮೀರಿದಾಗ ಈ ಕಲಾಯಿಯೇ ಕರಗುತ್ತದೆ, ಉಪ್ಪು ಬೆರೆತಿದ್ದರಂತೂ ಕೇಳುವುದೇ ಬೇಡ. ಕರಗಿದ ಕ್ರೋಮಿಯಮ್ಮು ಕ್ರೋಮೇಟ್ ಎಂಬ ಹಳದಿಯ ಲವಣವಾಗಬಲ್ಲುದು. ಈ ರೂಪದ ಕ್ರೋಮಿಯಮ್ಮು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ನಿಶ್ಚಿತ ಕಾರಣಗಳ ವರ್ಗದಲ್ಲಿಯೇ ಸೇರಿಸಿದೆ. ಗುಳ್ಳೆಗಳು ಒಡೆಯುವಾಗ ಏಳುವ ತುಂತುರು ಮೂಗಿಗೂ ಹೋಗುತ್ತದೆ, ಕೈಗೂ ಅಂಟುತ್ತದೆ.

ಆದುದರಿಂದ ಬಣ್ಣವನ್ನು ಓದಲು ಕಲಿಯತಕ್ಕದ್ದು. ಸೋಡಾದ ನೀರನ್ನು ರಾತ್ರಿಯಿಡೀ ಅಲುಗಾಡಿಸದೆ ಬಿಟ್ಟು ಬೆಳಿಗ್ಗೆ ನೋಡಿ. ಕಂದು ಕೆಸರು ತಳಕ್ಕೆ ಕೂತು ಮೇಲೆ ತಿಳಿನೀರು ನಿಂತಿದ್ದರೆ ಅದು ಕಬ್ಬಿಣದ ತುಕ್ಕು, ಅಷ್ಟು ಭಯವಿಲ್ಲ. ಮೇಲಿನ ತಿಳಿಯೂ ಹಳದಿಯಾಗಿಯೇ ಉಳಿದಿದ್ದರೆ ಅದನ್ನು ಕ್ರೋಮೇಟ್ ಎಂದೇ ಶಂಕಿಸಬೇಕು. ಕಂದು ಕೆಸರಿನ ಮರೆಯಲ್ಲಿ ಹಳದಿಯು ಅಡಗಿರಬಹುದಾದುದರಿಂದಲೇ ಒಂದು ರಾತ್ರಿ ಕಾಯಬೇಕೆಂದುದು. ಅಂಥ ನೀರನ್ನು ಬರಿಗೈಯಲ್ಲಿ ಮುಟ್ಟದೆ, ಮೋರಿಗೆ ಚೆಲ್ಲದೆ, ಮುಚ್ಚಳದ ಬಾಟಲಿಯಲ್ಲಿ ತುಂಬಿ ಚೀಟಿಯಂಟಿಸಿ, ಹತ್ತಿರದ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರಿಗೆ ತೋರಿಸಿ ಅವರು ಹೇಳಿದಂತೆ ವಿಲೇವಾರಿ ಮಾಡತಕ್ಕದ್ದು.

ಲೋಹದ ತಗಡುಗಳೇ ಬೇಕೆಂಬವರಿಗೆ ದಾರಿಯಿಲ್ಲವೆಂದಲ್ಲ. ಕಾರ್ಖಾನೆಗಳು ಹೇಗೆ ಮಾಡುತ್ತವೆಂಬುದನ್ನು ನೋಡಿದರೆ ಸಾಕು. ಪಂಜಾಬಿನ ನಂಗಲ್‌ನಲ್ಲಿ 1961ರಲ್ಲಿ ಆರಂಭವಾದ ಗೊಬ್ಬರದ ಕಾರ್ಖಾನೆಯು ಭಾಕ್ರಾ ಅಣೆಕಟ್ಟಿನ ವಿದ್ಯುತ್ತಿನಿಂದ ನೀರನ್ನು ಒಡೆದೇ ಜಲಜನಕವನ್ನು ಪಡೆಯುತ್ತಿದ್ದಿತು. ಮರುವರ್ಷ ಅದರ ಜೊತೆಗೇ ಭಾರಜಲದ ಘಟಕವೂ ನಡೆಯತೊಡಗಿತು. ಇಂಥ ಹಳೆಯ ಬಗೆಯ ಕಾರ್ಖಾನೆಗಳಲ್ಲಿ ಧನಧ್ರುವಕ್ಕೆ ನಿಕ್ಕಲ್ ಲೇಪಿಸಿದ ಉಕ್ಕನ್ನು, ನೀರಿಗೆ ಉಪ್ಪಿನ ಸೋಂಕಿಲ್ಲದ ಕಾಸ್ಟಿಕ್ ಪೊಟ್ಯಾಷನ್ನು ಬಳಸುವುದು ರೂಢಿ. ಪ್ರಬಲವಾದ ಕ್ಷಾರದಲ್ಲಿ ನಿಕ್ಕಲಿನ ಮೇಲೆ ಗಟ್ಟಿಯಾದ ಪೊರೆಯೊಂದು ಕಟ್ಟಿಕೊಂಡು, ಒಳಗಿನ ಲೋಹವನ್ನು ಕಾಯುತ್ತದೆ. ನಾವು ಹಿತ್ತಾಳೆಗೆ ತವರದ ಕಲಾಯಿ ಹಾಕಿಸಿದಂತೆಯೇ ಅವರದು ಉಕ್ಕಿಗೆ ನಿಕ್ಕಲಿನ ಕಲಾಯಿ.

ಬ್ಯಾಟರಿಗಳನ್ನು ಜೋಡಿಸಲು ಬಳಸುವ ನಿಕ್ಕಲಿನ ಪಟ್ಟಿ ಈಗ ವಿದ್ಯುತ್ ಸಾಮಾನಿನ ಪೇಟೆಗಳಲ್ಲಿ ಸಿಕ್ಕುತ್ತದೆ. ಅಪ್ಪಟ ನಿಕ್ಕಲೆಂದು ಹೇಳಿ ಲೇಪ ಹಾಕಿದ ಉಕ್ಕನ್ನು ಕೊಡುವವರೂ ಇದ್ದಾರೆ. ಅರದಿಂದ ಒಂದು ಕಡೆ ಉಜ್ಜಿ ರಾತ್ರಿ ಉಪ್ಪುನೀರಿನಲ್ಲಿ ಬಿಡಿ. ಬೆಳಿಗ್ಗೆ ಗೀರಿನಲ್ಲಿ ತುಕ್ಕು ಕಂಡರೆ ಒಳಗಿರುವುದು ಉಕ್ಕು. ಸ್ಟೀಲನ್ನೇ ಹಿಡಿದುಕೂತವರು 316 ಎಂಬ ಜಾತಿಯದನ್ನು ಆರಿಸುತ್ತಾರೆ. ಅದರಲ್ಲಿ ನೂರಕ್ಕೆ ಎರಡು ಮೂರರಷ್ಟು ಮಾಲಿಬ್ಡಿನಮ್ ಎಂಬ ಲೋಹವಿರುವುದರಿಂದ ಉಪ್ಪಿನ ಅಂಶಕ್ಕೆ ಅದು ಹೆಚ್ಚು ತಾಳಿಕೊಳ್ಳುತ್ತದೆ. ತಾಳಿಕೆ ಹೆಚ್ಚು ಎಂದರೆ ಕರಗುವುದೇ ಇಲ್ಲವೆಂದಲ್ಲ. ತಿರುಪು, ನಟ್ಟು, ಬೋಲ್ಟುಗಳೂ ಅದೇ ಲೋಹದವಾಗಿರಬೇಕು. ಒಂದೇ ಒಂದು ಸಾದಾ ಕಬ್ಬಿಣದ ತಿರುಪು ಒಳಗಿದ್ದರೂ ಇಡೀ ನೀರನ್ನು ಕಂದುಮಾಡಲು ಅದು ಸಾಕು.

ಬಣ್ಣಕ್ಕೆ ಮತ್ತೊಂದು ಕಾರಣ ಅತಿಯಾದ ಒತ್ತಡ. ಒಂದು ಜೊತೆ ತಗಡಿಗೆ ಸುಮಾರು ಎರಡು ವೋಲ್ಟು ಸಾಕಾಗಿರುವಲ್ಲಿ ಹನ್ನೆರಡು ವೋಲ್ಟನ್ನು ಹೇರಿದರೆ ಉಳಿದ ಶಕ್ತಿಯೆಲ್ಲ ಬಿಸಿಯಾಗುತ್ತದೆ. ನೀರು ಕಾದಷ್ಟೂ ಲೋಹದ ಸವೆತ ಹೆಚ್ಚು. ಅದಕ್ಕೇ ಬಲ್ಲವರು ನಡುವೆ ತಂತಿ ಸೇರಿಸದ ಐದು ತಗಡುಗಳನ್ನು ನಿಲ್ಲಿಸಿ, ಹನ್ನೆರಡು ವೋಲ್ಟನ್ನು ಆರು ಪಾಲು ಮಾಡುತ್ತಾರೆ. ಹೊಸ ತಗಡುಗಳ ಮೇಲಿನ ಎಣ್ಣೆ, ಬೆರಳಿನ ಜಿಡ್ಡು, ಕತ್ತರಿಸುವಾಗ ಅಂಟಿದ ಕಬ್ಬಿಣದ ಪುಡಿ ಇವುಗಳಿಂದ ಮೊದಲ ಸಲ ನೀರು ಮಾಸುವುದು ಸಹಜ. ಉಜ್ಜಿ ತೊಳೆದು ಹೊಸ ನೀರು ತುಂಬಬೇಕು. ಎರಡನೆಯ ಮೂರನೆಯ ಸಲವೂ ಹಾಗೆಯೇ ಆದರೆ ತಗಡೇ ಕರಗುತ್ತಿದೆಯೆಂದು ತಿಳಿದು ಕೆಲಸ ನಿಲ್ಲಿಸುವುದು ಜಾಣತನ.

ಇವರಲ್ಲಿ ಕೆಲವರು ಈ ಅನಿಲದಿಂದ ಸ್ಕೂಟರ್ ಓಡಿಸುವ ಆಸೆಯನ್ನಿಟ್ಟುಕೊಂಡಿರುತ್ತಾರೆ. ನೀರನ್ನು ಒಡೆಯಲು ವ್ಯಯವಾದ ಶಕ್ತಿಗಿಂತ ಹೆಚ್ಚನ್ನು ಅದೇ ಅನಿಲವನ್ನು ಸುಟ್ಟು ಪಡೆಯುವುದು ಸಾಧ್ಯವಿಲ್ಲ. ಗಲ್ಲೆಯಿಂದ ನೂರು ರೂಪಾಯಿ ತೆಗೆದು ಎಂಬತ್ತನ್ನು ತಿರುಗಿ ಹಾಕಿ ಲಾಭವೆನ್ನುವ ವ್ಯಾಪಾರ ಅದು.

ಯಂತ್ರ ಚಿಕ್ಕದಿರಲಿ ದೊಡ್ಡದಿರಲಿ, ಕೆಲವು ಮಾತುಗಳಿಗೆ ವಿನಾಯಿತಿಯಿಲ್ಲ. ಗೋಡೆಯ 230 ವೋಲ್ಟಿನ ವಿದ್ಯುತ್ತನ್ನು ನೇರವಾಗಿ ನೀರಿಗೆ ತರಕೂಡದು, ಅದು ಸಾವು. ಐದು ವೋಲ್ಟಿನ ಒಳ್ಳೆಯ ಚಾರ್ಜರ್ ಸಾಕು, ಸರಳುಗಳು ಒಂದಕ್ಕೊಂದು ತಾಗದಿರಲಿ. ಗಾಳಿಯಲ್ಲಿ ಜಲಜನಕವು ನೂರಕ್ಕೆ 4 ಪಾಲಿನಿಂದ 75 ಪಾಲಿನವರೆಗೆ ಎಷ್ಟಿದ್ದರೂ ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಎರಡು ಅನಿಲಗಳನ್ನೂ ಒಂದೇ ಮುಚ್ಚಿದ ಬಾಟಲಿಯಲ್ಲಿ ಕೂಡಿಹಾಕುವುದು ಬಾಂಬನ್ನು ಕಟ್ಟಿದಂತೆಯೇ. ಬಾಯಿ ತೆರೆದ ಪಾತ್ರೆ, ತೆರೆದ ಕಿಟಕಿ, ಹತ್ತಿರದಲ್ಲಿ ಒಲೆಯಾಗಲಿ ಬೀಡಿಯಾಗಲಿ ಇಲ್ಲದಿರುವುದು, ಇಷ್ಟಿರಬೇಕು. ಕಾಸ್ಟಿಕ್ ಪದಾರ್ಥಗಳನ್ನು ಮನೆಯೊಳಕ್ಕೆ ತರದಿರುವುದೇ ಲೇಸು. ಚರಂಡಿ ತೆಗೆಯಲು ಹೋಟೆಲಿನಲ್ಲಿ ಅದನ್ನು ಬಳಸುವಾಗ ಕಣ್ಣಿಗೆ ಹಾರಿದರೆ ಏನಾಗುವುದೆಂದು ನಮ್ಮ ಕ್ಲೀನರ್ ಹುಡುಗರನ್ನು ಕೇಳಿ.

ಇದೇ ವಿದ್ಯೆಯು ಹೋಟೆಲಿಗೆ ಉಪಕಾರವಾಗುವ ಸಂದರ್ಭವೊಂದಿದೆ. ತುಕ್ಕು ಹಿಡಿದು ಮೂಲೆ ಸೇರಿದ ಎರಕದ ಕಬ್ಬಿಣದ ಕಾವಲಿಯನ್ನು ಪ್ಲಾಸ್ಟಿಕ್ಕಿನ ತೊಟ್ಟಿಯಲ್ಲಿ ಒಗೆಯುವ ಸೋಡಾದ ನೀರಿನಲ್ಲಿ ಮುಳುಗಿಸಿ ಋಣಧ್ರುವಕ್ಕೆ ಕಟ್ಟಿ, ಧನಧ್ರುವಕ್ಕೆ ಬೇಡದ ಕಬ್ಬಿಣದ ತುಂಡೊಂದನ್ನು ಕಟ್ಟಿದರೆ, ಕಾವಲಿಯ ತುಕ್ಕು ಸಡಿಲಿ ಬಿಡುತ್ತದೆ. ಇಲ್ಲಿ ನೀರು ಕಂದಾದರೆ ಆಗಲಿ, ಕಾವಲಿಗೆ ಕೇಡಿಲ್ಲ. ಆದರೆ ಬೇಡದ ತುಂಡು ಸ್ಟೀಲಿನದಾಗಿರಕೂಡದು, ಕಾರಣವನ್ನು ಮೇಲೆ ಹೇಳಿದೆ. ಮುಗಿದೊಡನೆ ತೊಳೆದು ಒಣಗಿಸಿ ಎಣ್ಣೆ ಹಚ್ಚಿ ಕಾಯಿಸಬೇಕು, ಇಲ್ಲವಾದರೆ ಸಂಜೆಗೇ ತುಕ್ಕು ತಿರುಗಿ ಬರುತ್ತದೆ.

ಈಗ ಚೆನ್ನೈಯ ಸೋದರರ ಓಲೆಗೆ ಬರೋಣ. ಮಾರಾಟಗಾರನು ತಂದ ಉಪಕರಣದ ನಾಲ್ಕು ಸರಳುಗಳಲ್ಲಿ ಸಾಮಾನ್ಯವಾಗಿ ಎರಡು ಕಬ್ಬಿಣದವು, ಎರಡು ಅಲ್ಯೂಮಿನಿಯಮ್ಮಿನವು. ಗೋಡೆಯ ವಿದ್ಯುತ್ತಿಗೆ ಸೇರಿಸುತ್ತಾನೆ. ನಲ್ಲಿಯ ನೀರಿನಲ್ಲಿ ಸಹಜವಾದ ಲವಣಗಳಿರುವುದರಿಂದ ವಿದ್ಯುತ್ತು ಹರಿದು ಕಬ್ಬಿಣದ ಸರಳು ಕರಗುತ್ತದೆ, ನೀರು ಕೊಚ್ಚೆಯಾಗುತ್ತದೆ. ಅವನ ಯಂತ್ರದಿಂದ ಬಂದ ನೀರಿನಲ್ಲಿ ಲವಣಗಳನ್ನು ತೆಗೆದಿರುವುದರಿಂದ ವಿದ್ಯುತ್ತು ಹರಿಯುವುದೇ ಅಪರೂಪ, ಸರಳು ಕರಗುವುದಿಲ್ಲ, ನೀರು ತಿಳಿಯಾಗಿ ನಿಲ್ಲುತ್ತದೆ. ನೋಡುವವರಿಗೆ ಒಂದು ಅಮೃತ, ಮತ್ತೊಂದು ವಿಷ. ಡೊಂಬಿವಲಿಯ ಹುಡುಗನ ಮೊಳೆಗಳಿಗೂ ಈ ಸರಳುಗಳಿಗೂ ಭೇದವೇನೂ ಇಲ್ಲ. ಹುಡುಗನಿಗೆ ಬೇಡವಾಗಿದ್ದ ಬಣ್ಣ ಈತನಿಗೆ ಬೇಕಾಗಿದೆ, ಅಷ್ಟೆ. ಆರೋಗ್ಯಕ್ಕೆ ಒಳ್ಳೆಯದಾದ ಲವಣಗಳಿರುವ ಎಳನೀರನ್ನು ಇಟ್ಟರೂ ಇದೇ ಗತಿ.

ಮತ್ತೆ ಆತ ಬಂದರೆ ಒಂದು ಕೆಲಸ ಮಾಡಿ. ಅವನ ಯಂತ್ರದ ನೀರನ್ನೇ ಲೋಟದಲ್ಲಿ ತೆಗೆದುಕೊಂಡು, ನಿಮ್ಮ ಕೈಯಿಂದ ಒಂದು ಚಿಟಿಕೆ ಉಪ್ಪನ್ನು ಹಾಕಿ ಕಲಕಿ, ಈಗ ಅದೇ ಪರೀಕ್ಷೆಯನ್ನು ಮಾಡಿ ತೋರಿಸೆಂದು ಅವನಿಗೇ ಹೇಳಿ. ಉಪಕರಣವನ್ನು ನೀವು ಮುಟ್ಟಬೇಡಿ, 230 ವೋಲ್ಟಿನದು. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಇಂಥ ಒಬ್ಬನ ಮುಂದೆ ಉಪ್ಪಿನ ಮರಿಗೆಯನ್ನು ತಂದಿಟ್ಟಾಗ ಆತನಿಗೆ ಬೇರೆಲ್ಲೋ ತುರ್ತು ಕೆಲಸ ನೆನಪಾಗಿ, ಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿಯದೆ ಹೋದ.

ಹೀಗೆಂದ ಮಾತ್ರಕ್ಕೆ ನಿಮ್ಮ ನಲ್ಲಿಯ ನೀರು ಶುದ್ಧವೆಂದು ನಾವು ಹೇಳುತ್ತಿಲ್ಲ. ಈ ಪರೀಕ್ಷೆಯು ನೀರಿನ ಒಳಿತನ್ನೂ ಹೇಳದು, ಕೆಡುಕನ್ನೂ ಹೇಳದು. ಕಾಲರಾ, ಕಾಮಾಲೆಗಳನ್ನು ಹರಡುವ ಕ್ರಿಮಿಗಳು ಅದರಲ್ಲಿ ಕಾಣುವುದಿಲ್ಲ, ಬಣ್ಣವಿಲ್ಲದ ನೀರಿನಲ್ಲಿಯೂ ಅವು ಇರಬಹುದು. ಭಾರತೀಯ ಮಾನಕ ಸಂಸ್ಥೆಯ 10500 ಎಂಬ ಕುಡಿಯುವ ನೀರಿನ ಮಾನಕದ 2012ರ ಪರಿಷ್ಕರಣೆಯ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ತನಕ ಕರಗಿದ ಲವಣಗಳಿದ್ದರೆ ನೀರು ಒಪ್ಪತಕ್ಕದ್ದು, ಬೇರೆ ನೀರೇ ಇಲ್ಲದಲ್ಲಿ 2000ದ ವರೆಗೂ ಸಹಿಸಬಹುದು. ಕೊಳವೆಬಾವಿಯ ನೀರು ಇದನ್ನು ಮೀರಿದ್ದರೆ ಲವಣ ತೆಗೆಯುವ ಯಂತ್ರಕ್ಕೆ ಅರ್ಥವುಂಟು. ಅದನ್ನು ತಿಳಿಯಲು ಒಂದು ಬಾಟಲಿ ನೀರನ್ನು ನಗರದ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕೊಟ್ಟು, ಲವಣ ಮತ್ತು ಕ್ರಿಮಿಗಳೆರಡರ ವರದಿಯನ್ನೂ ಪಡೆಯಿರಿ. ಯಂತ್ರದ ಒಂದು ಕಂತಿಗಿಂತ ಹೆಚ್ಚು ಖರ್ಚಾಗಲಾರದು. ವರದಿ ಬರುವ ತನಕ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಮಕ್ಕಳಿಗೆ ಕೊಡಲು ಮನೆಯಲ್ಲಿ ಹೇಳಿ.